ಸೇಲಂ ಬಗ್ಗೆ ಹಂಚುವ ಮುನ್ನ

ಎಲ್ಲರಿಗೂ ನಮಸ್ಕಾರ. ‘ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರು’ ಎನ್ನುವ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. (ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು.) 1692ರಲ್ಲಿ ಅಲ್ಲಿ ಯಾರನ್ನೂ ಸುಡಲಿಲ್ಲ, ಆಗ ಅದು ಇಂಗ್ಲಿಷರ ವಸಾಹತು, ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ಶಿಕ್ಷೆ ನೇಣಾಗಿತ್ತು. 14 ಹೆಂಗಸರು, 5 ಗಂಡಸರು ನೇಣಿಗೇರಿದರು. ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿಯ ಮೈಮೇಲೆ ಕಲ್ಲು ಹೇರಿ ಕೊಂದರು.

ಎಡವಟ್ಟಾಗಿದ್ದು ಸಾಕ್ಷ್ಯದಲ್ಲಿ. ಆರೋಪಿಯ ಬಗ್ಗೆ ಯಾರಾದರೂ ‘ಅವಳ ಛಾಯೆ ಬಂದು ಚಿವುಟಿತು’ ಎಂದರೆ ಕೋರ್ಟು ಒಪ್ಪುತ್ತಿತ್ತು. ಆಗ ಆಕೆ ಬೇರೆಲ್ಲೋ ಇದ್ದರೂ ಲೆಕ್ಕಕ್ಕಿಲ್ಲ. ನೇಣಿಗೇರಿದವರೆಲ್ಲ ಕೊನೆಗೂ ಆರೋಪ ಅಲ್ಲಗಳೆದವರೇ, ಇದನ್ನು ಮರೆಯಬಾರದು. ಅವರಲ್ಲೊಬ್ಬರಾದ ರೆಬೆಕಾ ನರ್ಸ್ ನಿರಪರಾಧಿ ಎಂದೇ ಜ್ಯೂರಿ ಮೊದಲು ಹೇಳಿತ್ತು. ನ್ಯಾಯಾಧೀಶರು ಮತ್ತೆ ಯೋಚಿಸಲು ಕಳಿಸಿದರು. ಕಿವಿ ಮಂದವಾಗಿದ್ದ, ಎಪ್ಪತ್ತು ದಾಟಿದ ಆ ಅಜ್ಜಿ ಜ್ಯೂರಿಯ ಒಂದು ಪ್ರಶ್ನೆಗೆ ಉತ್ತರಿಸಲಿಲ್ಲ, ತೀರ್ಪು ತಿರುಗಿತು. 1693ರ ಜನವರಿಯಲ್ಲಿ ಹೊಸ ಕೋರ್ಟು ಛಾಯೆಯ ಸಾಕ್ಷ್ಯವನ್ನು ಕೈಬಿಟ್ಟಿತು, ಹೆಚ್ಚಿನವರು ಬಿಡುಗಡೆಯಾದರು.