ಏಳೂವರೆ ಸಾವಿರದ ಗ್ಯಾರಂಟಿ

ಮಂಡ್ಯ
ಗುರುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಬೆಳಿಗ್ಗೆ ನೀನು ಫೋನ್ ಮಾಡಿದಾಗ ಅಂಗಡಿಯಲ್ಲಿ ಮೋಟಾರ್ ಓಡಿಸಿ ನೋಡುತ್ತಿದ್ದೆ. ನಿನ್ನ ಮಾತು ನನಗೆ ಅರ್ಧ ಕೇಳಿಸಿತು, ನನ್ನ ಉತ್ತರ ನಿನಗೆ ಕಾಲುಭಾಗವೂ ಕೇಳಿಸಿರಲಿಕ್ಕಿಲ್ಲ. ಶನಿವಾರ ಅಮ್ಮ ಮೈಸೂರಿಗೆ ಬರುತ್ತಾಳೆ, ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಜ್ಜಾಯ ತಿಂದು ಕೈತೊಳೆದು ಓದು. ಎಣ್ಣೆ ಕೈಯಲ್ಲಿ ಲ್ಯಾಪ್‌ಟಾಪ್ ಮುಟ್ಟಬೇಡ.

ನೀನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಲ್ಯಾಪ್‌ಟಾಪಿಗೆ ಐವತ್ತೆಂಟು ಸಾವಿರ ಕೊಟ್ಟಿದ್ದೇವೆ. ಕಂಪನಿಯ ವಾರಂಟಿ ಒಂದು ವರ್ಷ. ಇನ್ನೂ ಏಳೂವರೆ ಸಾವಿರ ಕಟ್ಟಿದರೆ ಮೂರು ವರ್ಷ ನಿಶ್ಚಿಂತೆ ಎಂದು ಅಂಗಡಿಯ ಹುಡುಗ ದಿನಾ ಫೋನ್ ಮಾಡುತ್ತಿದ್ದಾನೆ, ಭಾನುವಾರವೇ ಕೊನೆಯ ದಿನವಂತೆ. ಮೊದಲು ಆ ಲೆಕ್ಕವನ್ನು ಸರಿ ಮಾಡಿಕೊ. ಮೂರರಲ್ಲಿ ಮೊದಲ ವರ್ಷ ಹೇಗೂ ನಮ್ಮದೇ. ಅವನು ಮಾರುತ್ತಿರುವುದು ಎರಡು ವರ್ಷವನ್ನು, ಅದೂ ಮುಂದಿನ ವರ್ಷದಿಂದ ಶುರುವಾಗುವುದನ್ನು. ದುಡ್ಡು ಮಾತ್ರ ಈಗಲೇ ಬೇಕು.

ಲ್ಯಾಪ್‌ಟಾಪಿನ ಬೆಲೆಗೆ ಹೋಲಿಸಿದರೆ ಆ ಏಳೂವರೆ ಸಾವಿರ ನೂರಕ್ಕೆ ಹದಿಮೂರು ರೂಪಾಯಿ ಬಿತ್ತು. ನಿನ್ನ ಸೋದರಮಾವ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಭತ್ತಕ್ಕೆ ಫಸಲ್ ಬಿಮಾ ಕಟ್ಟುತ್ತಾನಲ್ಲ, ಮುಂಗಾರಿನ ಬೆಳೆಗೆ ಅವನ ಪಾಲು ವಿಮೆ ಮೊತ್ತದ ನೂರಕ್ಕೆ ಎರಡು. ಉಳಿದದ್ದನ್ನು ಸರ್ಕಾರಗಳು ತುಂಬುತ್ತವೆ, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ಬಲ್ಲೆ. ಆದರೂ ಮಳೆ ಗಾಳಿಗೆ ಮೈಯೊಡ್ಡಿ ನಿಂತ ಭತ್ತಕ್ಕಿಂತ ಮೇಜಿನ ಮೇಲೆ ಕೂತ ಯಂತ್ರಕ್ಕೆ ಇಷ್ಟೊಂದು ಭಯವೇ ಎಂದು ನಗು ಬಂತು.

ನಾನೂ ಗ್ಯಾರಂಟಿ ಕೊಡುವವನೇ ತಾನೆ? ರಿವೈಂಡಿಂಗ್ ಮಾಡಿದ, ಅಂದರೆ ಒಳಗೆ ಹೊಸ ತಂತಿ ಸುತ್ತಿಕೊಟ್ಟ, ಮೋಟಾರಿಗೆ ಆರು ತಿಂಗಳು ಎಂದು ಬಿಲ್ಲಿನ ಮೇಲೆ ಬರೆದುಕೊಡುತ್ತೇನೆ. ಆರು ತಿಂಗಳೇ ಏಕೆ ಎಂದು ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಕೇಳಿಲ್ಲ. ನಿನಗೆ ಹೇಳುತ್ತೇನೆ. ನನ್ನ ಕೆಲಸದಲ್ಲಿ ತಪ್ಪಿದ್ದರೆ, ವಾರ್ನಿಷ್ ಸರಿಯಾಗಿ ಒಣಗಿರದಿದ್ದರೆ, ತಂತಿ ತುರುಕುವಾಗ ಇನ್ಸುಲೇಷನ್ ಕಾಗದ ಹರಿದಿದ್ದರೆ, ಆ ಮೋಟಾರ್ ಹದಿನೈದು ದಿನದೊಳಗೆ ವಾಪಸ್ ಬರುತ್ತದೆ. ಹದಿನೈದು ದಿನ ದಾಟಿತೆಂದರೆ ಬೇರಿಂಗ್ ಸವೆಯುವವರೆಗೆ, ಅಂದರೆ ವರ್ಷಗಟ್ಟಲೆ, ಸುಮ್ಮನೆ ಓಡುತ್ತದೆ. ನಾನು ಧಾರಾಳವಾಗಿ ಕೊಡುವ ಆರು ತಿಂಗಳಲ್ಲಿ ಹೆಚ್ಚಿನದು ಏನೂ ಆಗದ ಕಾಲ. ನಿನ್ನ ಲ್ಯಾಪ್‌ಟಾಪಿನ ಕಥೆಯೂ ಬಹುಪಾಲು ಹೀಗೆಯೇ. ತಯಾರಿಕೆಯ ದೋಷವಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಬಾಯಿ ಬಿಡುತ್ತದೆ, ಅದನ್ನು ಕಂಪನಿಯ ವಾರಂಟಿ ನೋಡಿಕೊಳ್ಳುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಸೊರಗುವುದು ಬ್ಯಾಟರಿ. ಅದು ಸವೆಯುವ ಸಾಮಾನು ಎಂದು ಇಂಥ ಪ್ಲಾನುಗಳಲ್ಲಿ ಅನೇಕವು ಅದನ್ನು ಹೊರಗಿಟ್ಟಿರುತ್ತವೆ. ನಿನ್ನ ಅಂಗಡಿಯವನನ್ನೇ ಕೇಳಿ ನೋಡು, ಮಾತು ಬದಲಿಸುತ್ತಾನೆ.

ಇನ್ನೊಂದು ಗುಟ್ಟಿದೆ. ಕಳೆದ ವಾರ ಒಬ್ಬ ರೈತ ಐದು ಎಚ್‌ಪಿ ಮೋಟಾರ್ ತಂದು, ಗ್ಯಾರಂಟಿ ಇದೆ, ಬಿಟ್ಟಿ ಮಾಡಿಕೊಡು ಎಂದು ಕೂತ. ಬಿಚ್ಚಿದೆ. ಒಳಗೆ ಮೂರು ಫೇಸುಗಳಲ್ಲಿ (ಕರೆಂಟ್ ಬರುವ ಮೂರು ತಂತಿಗಳು) ಎರಡರ ಕಾಯಿಲುಗಳು ಕರಕಲಾಗಿದ್ದವು, ಮೂರನೆಯದರ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು. ಒಂದು ಫೇಸ್ ಹೋದ ಮೇಲೂ ಮೋಟಾರ್ ಓಡಿದೆ ಎಂದು ಅದನ್ನು ನೋಡಿದ ಕೂಡಲೇ ಹೇಳಬಹುದು. ತಪ್ಪು ಕರೆಂಟಿನದು, ನನ್ನದಲ್ಲ. ತೋರಿಸಿದೆ. ಪಾಪ, ಸುಮ್ಮನಾದ. (ಅರ್ಧ ಕೂಲಿ ಮಾತ್ರ ತೆಗೆದುಕೊಂಡೆ, ಅಮ್ಮನಿಗೆ ಹೇಳಬೇಡ.) ಸರ್ವಿಸ್ ಸೆಂಟರಿನವರೂ ಮೊದಲು ಹುಡುಕುವುದು ಇಂಥದ್ದೇ ಗುರುತನ್ನು. ಕೆಲವು ಲ್ಯಾಪ್‌ಟಾಪುಗಳೊಳಗೆ ಚಿಕ್ಕ ಬಿಳಿ ಚೀಟಿ ಅಂಟಿಸಿರುತ್ತಾರೆ, ನೀರು ತಗುಲಿದರೆ ಅದು ಕೆಂಪಾಗುತ್ತದೆ. ಚೀಟಿ ಕೆಂಪಾಯಿತೋ, ವಾರಂಟಿ ಮುಗಿಯಿತು.

ನಿನ್ನ ಲ್ಯಾಪ್‌ಟಾಪಿಗೆ ಏನಾಗಬಹುದು ಎಂದು ಯೋಚಿಸಿದೆ. ಹಾಸ್ಟೆಲಿನಲ್ಲಿ ಯಾರಾದರೂ ಕಾಫಿ ಚೆಲ್ಲಬಹುದು. ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಪರದೆ ಒಡೆಯಬಹುದು. ಚಾರ್ಜರಿನ ತಂತಿಗೆ ಕಾಲು ತಾಗಿ ಯಂತ್ರವೇ ಕೆಳಗೆ ಬೀಳಬಹುದು. ಬರಿಯ ಎಕ್ಸ್‌ಟೆಂಡೆಡ್ ವಾರಂಟಿಗೆ, ಅಂದರೆ ವಾರಂಟಿಯ ಅವಧಿಯನ್ನಷ್ಟೇ ಹಿಗ್ಗಿಸುವ ಪ್ಲಾನಿಗೆ, ಇವುಗಳಲ್ಲಿ ಯಾವುದೂ ಸಂಬಂಧವಿಲ್ಲ. ಬಿದ್ದದ್ದು, ಒಡೆದದ್ದು, ನೆನೆದದ್ದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಎಂಬ ಪ್ಲಾನ್ ಬೇರೆಯೇ ಇರುತ್ತದೆ. ನಿನ್ನ ಲ್ಯಾಪ್‌ಟಾಪ್ ಕಂಪನಿಯದು ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಎಂದು ನೀನೇ ಹೇಳಿದೆ. ಅದನ್ನು ಬೇಕಾದರೆ ತೆಗೆದುಕೊ, ಒಂದೇ ವರ್ಷಕ್ಕೆ. ವರ್ಷಕ್ಕೆ ಎಷ್ಟು ಸಲ ರಿಪೇರಿ, ಪ್ರತಿ ಸಲ ನಾವು ಎಷ್ಟು ಕೊಡಬೇಕು, ಇವೆರಡನ್ನು ಓದಿಕೊಂಡು ತೆಗೆದುಕೊ.

ಅಂಗಡಿಯವರ ಪ್ಲಾನ್ ಕಂಪನಿಯದಲ್ಲ, ಮೂರನೆಯವರದು. ನಮ್ಮ ಟೀವಿ ನೆನಪಿದೆಯಲ್ಲ? ಅದಕ್ಕೂ ಇಂಥದ್ದೇ ಪ್ಲಾನ್ ಕಟ್ಟಿದ್ದೆ. ಪ್ಯಾನಲ್ ಹೋದಾಗ ಅಂಗಡಿಯವರು ನಮ್ಮನ್ನು ಕೇಳಬೇಡಿ ಎಂದರು, ಪ್ಲಾನಿನವರು ಸವಕಳಿ ಕಳೆದು ಕೂಪನ್ ಕೊಟ್ಟರು, ಆ ಕೂಪನ್ನನ್ನು ಮತ್ತೆ ಅದೇ ಅಂಗಡಿಯಲ್ಲೇ ಖರ್ಚು ಮಾಡಬೇಕಿತ್ತು. ಮನೆಯಲ್ಲಿರುವ ಮಿಕ್ಸಿ ಬಂದದ್ದು ಹಾಗೆ.

ಮದರ್‌ಬೋರ್ಡ್ ಹೋದರೆ ಏನಪ್ಪಾ ಮಾಡುವುದು ಎಂದೆ. ನಿನ್ನ ಮಾತಿನಲ್ಲಿ ತೂಕವಿದ್ದದ್ದು ಅದೊಂದಕ್ಕೇ. ಹೋದರೆ ಇಪ್ಪತ್ತು ಸಾವಿರದಷ್ಟು ಕೇಳಬಹುದು ಎಂದು ಇಲ್ಲಿನ ರಿಪೇರಿ ಹುಡುಗ ಹೇಳಿದ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನಾಲೆಗೆ ನೀರಿಲ್ಲದೆ ಜನ ಕಂಗಾಲಾದರು, ನನಗೆ ಬರಬೇಕಾದ ಬಾಕಿ ಪುಸ್ತಕದಲ್ಲೇ ಉಳಿಯಿತು. ಆ ವರ್ಷ ನೀನು ಕೇಳಿದ್ದರೆ ಕಣ್ಣುಮುಚ್ಚಿ ಕಟ್ಟು ಎನ್ನುತ್ತಿದ್ದೆ, ಏಕೆಂದರೆ ಒಂದೇ ಸಲಕ್ಕೆ ಇಪ್ಪತ್ತು ಸಾವಿರ ಹೊಂದಿಸುವ ಶಕ್ತಿ ಆಗ ಇರಲಿಲ್ಲ. ನಿನ್ನ ಮಾವ ಭತ್ತಕ್ಕೆ ವಿಮೆ ಕಟ್ಟುವುದೂ ಅದಕ್ಕೇ, ಬೆಳೆ ಹೋದರೆ ಅವನ ವರ್ಷವೇ ಹೋಗುತ್ತದೆ. ಈಗ ನಮ್ಮ ಕೈ ಅಷ್ಟು ಬಿಗಿಯಾಗಿಲ್ಲ. ಇಪ್ಪತ್ತು ಸಾವಿರ ನೋವಾಗುತ್ತದೆ, ಆದರೆ ಸಾಲಕ್ಕೆ ತಳ್ಳುವುದಿಲ್ಲ. ಆ ಏಳೂವರೆ ಸಾವಿರವನ್ನು ಅಂಚೆ ಕಚೇರಿಯ ನಿನ್ನ ಉಳಿತಾಯ ಖಾತೆಗೆ ಹಾಕಿಬಿಡುತ್ತೇನೆ. ಲ್ಯಾಪ್‌ಟಾಪ್ ಕೆಟ್ಟರೆ ಅದು ರಿಪೇರಿಗೆ, ಕೆಡದಿದ್ದರೆ ನಿನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಖರ್ಚಿಗೆ.

ಭಾನುವಾರದ ಗಡುವಿಗೂ ಹೆದರಬೇಡ. ಕಂಪನಿಯ ಸ್ವಂತ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಅನೇಕ ಕಂಪನಿಗಳು ಮೊದಲ ವಾರಂಟಿ ಮುಗಿಯುವವರೆಗೂ ಕೊಡುತ್ತವೆ. ಹತ್ತು ತಿಂಗಳು ಬಳಸಿ ನೋಡು. ಯಂತ್ರ ಪದೇ ಪದೇ ಬಿಸಿಯಾಗುತ್ತಿದ್ದರೆ, ತಾನಾಗಿ ನಿಲ್ಲುತ್ತಿದ್ದರೆ, ಆಗ ಮತ್ತೆ ಮಾತಾಡೋಣ.

ಬಿಲ್ಲಿನ ಒಂದು ಪ್ರತಿಯನ್ನು ಅಮ್ಮನ ಕೈಯಲ್ಲಿ ಕೊಟ್ಟು ಕಳಿಸು. ಶಾಯಿ ಅಳಿಸಿಹೋಗುವ ಬಿಲ್ಲಾದರೆ ಫೋಟೊ ಕೂಡ ತೆಗೆದಿಡು. ಮೊದಲ ವರ್ಷದಲ್ಲಿ ಕಂಪನಿಯವರು ಏನಾದರೂ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು, ಬಗ್ಗದಿದ್ದರೆ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ನೀರಿನ ಬಾಟಲಿಯನ್ನು ಲ್ಯಾಪ್‌ಟಾಪ್ ಇರುವ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತೀಯಂತೆ. ಅಮ್ಮ ತನ್ನ ಹಳೆಯ ಹಸಿರು ಸೀರೆಯ ಸೆರಗಿನಲ್ಲಿ ಬಾಟಲಿಗೆಂದೇ ಒಂದು ಚೀಲ ಹೊಲಿದಿದ್ದಾಳೆ, ಕಜ್ಜಾಯದ ಡಬ್ಬಿಯ ಕೆಳಗಿದೆ, ನೋಡು.

ಇಂತಿ ನಿನ್ನ
ಅಪ್ಪ