ನೂರು ವರ್ಷದ್ದು ಅಂತ ಬರೆಯುವ ಮುಂಚೆ

ಪ್ರೀತಿಯ ಅಪ್ಪಿ,

ಆಶೀರ್ವಾದಗಳು. ನೀನು ಮಾರಲು ಹಾಕಿದ ಹಳೇ ಸಾಮಾನಿನ ಫೋಟೋಗಳನ್ನು ನಿನ್ನ ಅಕ್ಕ ಮೊಬೈಲಿನಲ್ಲಿ ತೋರಿಸಿದಳು. ಗ್ರಾಮಫೋನಿನ ಕೆಳಗೆ "ನೂರು ವರ್ಷದ್ದು, ಒರಿಜಿನಲ್ ಎಚ್‌ಎಂವಿ" ಅಂತ ಬರೆದಿದ್ದೀಯ. ಅದು ನಿನಗೆ ಹೇಗೆ ಗೊತ್ತಾಯಿತು?

ಇಪ್ಪತ್ತು ವರ್ಷದ ಹಿಂದೆ ನಾನೂ ಅಂಥದ್ದೇ ಒಂದನ್ನು ಒರಿಜಿನಲ್ ಅಂತ ಮಾರಿದ್ದೆ. ಭದ್ರಾವತಿಯ ಒಬ್ಬರು ನಿವೃತ್ತ ಮೇಷ್ಟ್ರು, ತಂದೆ ಕೀ ಕೊಟ್ಟು ಪ್ಲೇಟು ಹಾಕುತ್ತಿದ್ದ ನೆನಪಿಗೆ ಅಂತ, ಪೆನ್ಷನ್ ದುಡ್ಡಿನಲ್ಲಿ ಕೊಂಡರು. ರಿಪೇರಿಗೆ ಬಿಚ್ಚಿದಾಗ ಗೊತ್ತಾಯಿತು, ಮೋಟರು ಮತ್ತು ಮುಳ್ಳು ಸಿಕ್ಕಿಸುವ ಸೌಂಡ್‌ಬಾಕ್ಸ್ ಮಾತ್ರ ಹೊರಗೆ ತುತ್ತೂರಿ ಇಲ್ಲದ ಯಾವುದೋ ಹಳೇ ಸೂಟ್‌ಕೇಸ್ ಮಾದರಿಯದು, ಪೆಟ್ಟಿಗೆ ಹೊಸದು, ಹಿತ್ತಾಳೆ ತುತ್ತೂರಿ ಹೊಸದು, ಎಚ್‌ಎಂವಿ ಗುರುತಿನ ನಾಯಿ ಚಿತ್ರ ಆಮೇಲೆ ಅಂಟಿಸಿದ್ದು. ನನಗೆ ಕೊಟ್ಟವನು ಹಾಗೆ ಹೇಳಿದ್ದ ಅಂದೆ. "ಅವನು ಯಾರೋ ನನಗೆ ಗೊತ್ತಿಲ್ಲ, ನಿಮ್ಮ ಮಾತು ನಂಬಿ ತಗೊಂಡೆ" ಅಂದರು, ಅಷ್ಟೇ. ಮೂರು ಕಂತಿನಲ್ಲಿ ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಅವರು ನಮ್ಮ ಅಂಗಡಿಗೆ ಬರಲೇ ಇಲ್ಲ.

ಈಗ ಇಂಥ ಜೋಡಿಸಿದ ಪೆಟ್ಟಿಗೆಗಳೇ ಜಾಸ್ತಿ. ಮೇಲಿನ ಹಲಗೆ ಎತ್ತಿ ನೋಡು. ಮೋಟರಿನ ತಗಡಿನಲ್ಲಿ ಕೆಲಸಕ್ಕೆ ಬಾರದ ತೂತುಗಳಿದ್ದರೆ ಅದು ಬೇರೆ ಪೆಟ್ಟಿಗೆಯಿಂದ ಬಂದದ್ದು ಅಂತ ಅನುಮಾನ ಪಡು. ಒಳಗೆ ಹೊಸ ಪ್ಲೈವುಡ್, ಹೊಳೆಯುವ ಸ್ಕ್ರೂ ಇದ್ದರೂ ಹಾಗೇ. ತುತ್ತೂರಿ ಫಳಫಳ ಹಿತ್ತಾಳೆಯದು ಅಂತ ಖುಷಿಪಡಬೇಡ, ಆ ಕಾಲದ ಎಷ್ಟೋ ತುತ್ತೂರಿಗಳು ಬಣ್ಣ ಹೊಡೆದ ತಗಡಿನವು. ಜೋಡಿಸಿದ್ದನ್ನು ಮಾರುವುದು ತಪ್ಪಲ್ಲ ಕಣೋ. "ಹಳೇ ಮೋಟರು, ಹೊಸ ಪೆಟ್ಟಿಗೆ, ಹೊಸ ತುತ್ತೂರಿ" ಅಂತ ಬರೆದು ಅದಕ್ಕೆ ತಕ್ಕ ಬೆಲೆ ಹಾಕು. ಮನೆಯ ಅಲಂಕಾರಕ್ಕೆ ಬೇಕಾದವರು ಕೊಳ್ಳುತ್ತಾರೆ.

ರಾಮ, ಸೀತೆ, ಹನುಮಂತ ಇರುವ 1818ರ ಕಂಪನಿ ನಾಣ್ಯದ ಫೋಟೋ ಇವತ್ತೇ ತೆಗಿ. ಅದನ್ನು ಈಸ್ಟ್ ಇಂಡಿಯಾ ಕಂಪನಿ ಅಚ್ಚು ಹಾಕಿಸಿದ್ದೇ ಅಲ್ಲ. ಕೆಳದಿ ಅರಸರ ಚಿನ್ನದ ನಾಣ್ಯ ಇಕ್ಕೇರಿ ವರಾಹ ಸಿಕ್ಕಿದೆ ಅಂತಲೂ ಕೇಳಿದೆ. ಒಂದು ಬದಿ ಶಿವ ಪಾರ್ವತಿ, ಇನ್ನೊಂದು ಬದಿ ನಾಗರಿಯಲ್ಲಿ ಶ್ರೀ ಸದಾಶಿವ ಇದ್ದರೆ ಸಾಲದು, ಅಸಲಿ ಅಚ್ಚೊತ್ತಿದ್ದು, ನಕಲಿ ಮಾಡುವವರು ಅದನ್ನೆಲ್ಲ ಎರಕದಲ್ಲೂ ಮೂಡಿಸಬಹುದು. ಅಂಚಿನಲ್ಲಿ ಎರಕದ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡು, ತೂಕ ಹಾಕಿಸು, ಸುಮಾರು 3.4 ಗ್ರಾಂ ಬರಬೇಕು. ಅದೂ ಅಲ್ಲದೆ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳ ವ್ಯಾಪಾರ ಮಾಡಲು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ತಾಳೆಗರಿಯಂಥ ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ನೀನು ಸುಮ್ನೆ ಬೆಲೆ ಏರಿಸಲು "ನೂರು ವರ್ಷ" ಅಂತ ಬರೆಯುತ್ತೀಯಲ್ಲ, ನಾಳೆ ಯಾರಾದರೂ ಲೈಸೆನ್ಸ್ ಎಲ್ಲಿ ಅಂತ ಕೇಳಿದರೆ ಏನು ಹೇಳುತ್ತೀಯ?

ಗೊತ್ತಿರುವುದನ್ನು ಗೊತ್ತು ಅಂತ ಬರೆ. ಕೇಳಿದ್ದನ್ನು, ಕೊಟ್ಟವರು ಹೀಗೆ ಹೇಳಿದರು, ನಾನು ಪರೀಕ್ಷಿಸಿಲ್ಲ ಅಂತಲೇ ಬರೆ. ಹಾಗೆ ಬರೆದರೂ, ಸಾಮಾನು ಬೇರೆ ಅಂತ ಆಮೇಲೆ ತಿಳಿದರೆ ವಾಪಸ್ ತಗೊಳ್ಳಬೇಕು. ಕೊಂಡವರು ನೋಡಿದ್ದು ನಿನ್ನನ್ನು, ಅಲ್ವಾ?

ಗ್ರಾಮಫೋನಿಗೆ ಮುಂಗಡ ಕೊಟ್ಟವರಿಗೆ ಇವತ್ತೇ ಫೋನ್ ಮಾಡಿ ಸ್ವಲ್ಪ ತಡೆಯಿರಿ ಅನ್ನು. ಭಾನುವಾರ ಪೆಟ್ಟಿಗೆ ಹೊತ್ತುಕೊಂಡು ಸಾಗರಕ್ಕೆ ಬಾ, ಇಬ್ಬರೂ ಕೂತು ಬಿಚ್ಚಿ ನೋಡೋಣ.

ಇಂತಿ ನಿನ್ನ
ದೊಡ್ಡಪ್ಪ