ಫ್ಯಾನಿನ ವೈರ್ ಕೀಳಬೇಡಿ, ವೇಗ ತಗ್ಗಿಸಿ

ಸಂಪಾದಕರಿಗೆ ನಮಸ್ಕಾರ.

ಪೆಂಡಾಲಿನವರು ಮಾರುವ ಹಳೆಯ ಪವರ್ ಆಂಪ್ಲಿಫೈಯರ್ (ಸ್ಪೀಕರಿಗೆ ಬಲ ಕೊಡುವ ಪೆಟ್ಟಿಗೆ) ಕಡಿಮೆ ದುಡ್ಡಿಗೆ ಸಿಗುತ್ತದೆ, ಮನೆಯಲ್ಲಿ ಹಾಡು ಕೇಳುವುದಕ್ಕೂ ಆಗುತ್ತದೆ ಎಂದು ನಿಮ್ಮ ಪುರವಣಿಯಲ್ಲಿ ಬಂದಿತ್ತು. ಒಪ್ಪಿದೆ. ಆದರೆ ಹೋದ ವಾರ ಓದುಗರೊಬ್ಬರು, ಅದರೊಳಗಿನ ತಂಪು ಮಾಡುವ ಫ್ಯಾನ್ ವಿಪರೀತ ಸದ್ದು ಮಾಡುತ್ತದೆ, ವೈರ್ ಕಿತ್ತುಬಿಟ್ಟರೆ ಆಯಿತು ಎಂದು ಬರೆದಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನನ್ನ ಗೆಳೆಯ ಅದನ್ನೇ ಮಾಡಿ ಒಂದು ತಿಂಗಳು ಆರಾಮಾಗಿ ಹಾಡು ಕೇಳಿದ. ಆಮೇಲೆ ಒಂದು ಭಾನುವಾರ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾದು ಶಾರ್ಟ್ ಆಗಿ, ಡಿಸಿ ಕರೆಂಟ್ ನೇರ ಸ್ಪೀಕರಿಗೆ ನುಗ್ಗಿ, ವೂಫರಿನ ಕಾಯಿಲ್ ಸುಟ್ಟ ವಾಸನೆ ಅಡುಗೆಮನೆ ತನಕ ಬಂತು. ರಿಪೇರಿಗೆ ಹೋದ ದುಡ್ಡು ಆಂಪ್ಲಿಫೈಯರ್ ಕೊಂಡ ದುಡ್ಡಿಗಿಂತ ಜಾಸ್ತಿ.

ಸದ್ದಿನ ಕಾಟ ನನಗೂ ಗೊತ್ತು. ಎರಡು ವರ್ಷದ ಹಿಂದೆ ಇಲ್ಲೇ ಹುಬ್ಬಳ್ಳಿಯಲ್ಲಿ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರ ಹತ್ತಿರ ನಾನೂ ಒಂದು ತಂದೆ. ಸ್ವಿಚ್ ಹಾಕಿದ ಕೂಡಲೇ ನಮ್ಮ ಮನೆಯವಳು ಒಳಗಿಂದಲೇ ಕೇಳಿದಳು, "ಏನ್ರೀ ಇದು, ಮನ್ಯಾಗ ಗಿರಣಿ ಹಚ್ಚೀರೇನು?" ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗುವಾಗ ಅಷ್ಟು ಗೊತ್ತಾಗುವುದಿಲ್ಲ. ಚಳಿಗಾಲದ ರಾತ್ರಿ ಗಂಗೂಬಾಯಿ ಹಾನಗಲ್ ಅವರ ವಿಲಂಬಿತ ಹಾಕಿ ಕೂತರೆ ಮಾತ್ರ, ತಂಬೂರಿಯ ಪಕ್ಕದಲ್ಲಿ ಇನ್ನೊಂದು ಶ್ರುತಿ ಗುಯ್ ಅನ್ನುತ್ತಿರುತ್ತದೆ, ಅದೂ ಅಪಶ್ರುತಿ!

ತಪ್ಪು ಯಂತ್ರದ್ದಲ್ಲ. ಅದನ್ನು ಮಾಡಿದ್ದು ಬಿಸಿಲಲ್ಲಿ, ಜನರ ಗದ್ದಲದಲ್ಲಿ, ಗಂಟೆಗಟ್ಟಲೆ ನೂರಾರು ವ್ಯಾಟ್ ಕೊಡುವುದಕ್ಕೆ. ಅಲ್ಲಿ ಫ್ಯಾನ್ ಸದ್ದು ಯಾರಿಗೆ ಕೇಳಬೇಕು? ಮನೆಯಲ್ಲಿ ನಾವು ಕೇಳುವುದು ಒಂದೆರಡು ವ್ಯಾಟ್, ಜಾಸ್ತಿ ಅಂದರೆ ಐದು. ಹಾಗಂತ ಗಾಳಿಯೇ ಬೇಡ ಅಂತಲ್ಲ. ಮನೆಬಳಕೆಯ ಆಂಪ್ಲಿಫೈಯರಿನಲ್ಲಿ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಹಲ್ಲುಹಲ್ಲಿನ ಲೋಹದ ತುಂಡು) ದೊಡ್ಡದು, ಹಲ್ಲುಗಳ ನಡುವೆ ಜಾಗ ಇರುತ್ತದೆ, ಬಿಸಿ ಗಾಳಿ ತಾನಾಗಿ ಮೇಲೆ ಹೋಗುತ್ತದೆ. ಇವುಗಳಲ್ಲಿ ಹೀಟ್‌ಸಿಂಕ್ ಚಿಕ್ಕದು, ಒತ್ತೊತ್ತಾದ ಹಲ್ಲು, ಸುರಂಗದ ಹಾಗೆ. ಊದಿದರೆ ಮಾತ್ರ ತಣ್ಣಗಾಗುತ್ತದೆ. ಅದೂ ಅಲ್ಲದೆ ಕ್ಲಾಸ್ ಎಬಿ ಅನ್ನುವ ಬಗೆಯ ಆಂಪ್ಲಿಫೈಯರ್ ಹಾಡು ಹಾಕದೆ ಸುಮ್ನೆ ಆನ್ ಮಾಡಿಟ್ಟರೂ ಬಿಸಿಯಾಗುತ್ತದೆ.

ನನ್ನದರ ಮುಚ್ಚಳ ಬಿಚ್ಚಿದಾಗ ಮೊದಲು ಕಂಡಿದ್ದು ಕಸ. ರೆಕ್ಕೆಗಳ ಮೇಲೆ ಜಿಡ್ಡು ಹಿಡಿದ ಧೂಳು, ಹೀಟ್‌ಸಿಂಕಿನ ಸಂದಿಯಲ್ಲಿ ಗುಲಾಬಿ ಬಣ್ಣದ ಗುಲಾಲು, ಯಾವ ವರ್ಷದ ಗಣಪತಿ ಮೆರವಣಿಗೆಯದೋ ಏನೋ. ಬ್ರಷ್ ಹಾಕಿ ಎಲ್ಲ ತೆಗೆದ ಮೇಲೆ ಗಡಗಡ ಅನ್ನುವುದು ನಿಂತಿತು, ಗುಯ್ ಅನ್ನುವುದು ನಿಲ್ಲಲಿಲ್ಲ. ಅದು ವೇಗದ ಸದ್ದು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇನೇ ಕಿವಿಗೆ ಅರ್ಧ ಅನ್ನಿಸುತ್ತದೆ. ಲಾಭದ ವ್ಯವಹಾರ ಅಲ್ವಾ?

ನನ್ನದು 24 ವೋಲ್ಟ್, 0.15 ಆಂಪಿಯರ್‌ನ ಎರಡು ವೈರಿನ ಫ್ಯಾನ್. ಅದರ ಕೆಂಪು ವೈರಿನ ನಡುವೆ 120 ಓಮ್, 5 ವ್ಯಾಟಿನ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಭಾಗ, ಸೇರಿಸಿದೆ. ಈಗ ಫ್ಯಾನಿಗೆ ಸಿಗುವುದು 14 ವೋಲ್ಟ್ ಆಸುಪಾಸು. ತೀರಾ ಇಳಿಸಿದರೆ ಕೆಲವು ಫ್ಯಾನ್ ಶುರುವೇ ಆಗುವುದಿಲ್ಲ, ಹಾಗಾಗಿ ಹತ್ತು ಸಲ ಆಫ್ ಮಾಡಿ ಆನ್ ಮಾಡಿ ನೋಡಿದೆ. ಅಷ್ಟಕ್ಕೇ ಬಿಡಲಿಲ್ಲ. ಆ ರೆಸಿಸ್ಟರಿಗೆ ಪ್ಯಾರಲಲ್ ಆಗಿ 50 ಡಿಗ್ರಿಯ ಒಂದು ಥರ್ಮಲ್ ಸ್ವಿಚ್ ಹಾಕಿದೆ, ಕೆಎಸ್‌ಡಿ 301 ಅನ್ನುತ್ತಾರೆ, ಚಿಕ್ಕ ಬಿಲ್ಲೆಯಂಥದ್ದು. ಕೊಳ್ಳುವಾಗ 'ನಾರ್ಮಲಿ ಓಪನ್' (ತಣ್ಣಗಿದ್ದಾಗ ಬಿಟ್ಟುಕೊಂಡಿರುವುದು) ಅಂತ ಕೇಳಿ ತೆಗೆದುಕೊಳ್ಳಬೇಕು, ಉಲ್ಟಾ ಕೆಲಸ ಮಾಡುವುದೂ ಸಿಗುತ್ತದೆ. ಹೀಟ್‌ಸಿಂಕ್ ಬಿಸಿಯಾದರೆ ಅದು ಟಕ್ ಅಂತ ಕೂಡಿಕೊಂಡು ಫ್ಯಾನಿಗೆ ಪೂರ್ತಿ 24 ವೋಲ್ಟ್ ಕೊಡುತ್ತದೆ. ಹೋದ ವರ್ಷ ಮಗಳ ಹುಟ್ಟುಹಬ್ಬದ ದಿನ ಹುಡುಗರು ಜೋರಾಗಿ ಹಾಕಿದ್ದಾಗ ಒಂದೇ ಒಂದು ಸಲ ಹಾಗಾಯಿತು.

ಫ್ಯಾನನ್ನೇ ಬದಲಾಯಿಸುವವರು ವೋಲ್ಟ್ ನೋಡಿ ತನ್ನಿ. ಕಂಪ್ಯೂಟರಿನ ಸದ್ದಿಲ್ಲದ ಫ್ಯಾನ್‌ಗಳು ಬಹುಪಾಲು 12 ವೋಲ್ಟಿನವು, 24 ಕೊಟ್ಟರೆ ಸುಡುತ್ತವೆ. ಗಾಳಿಯ ದಿಕ್ಕು ಹಳೆಯದರ ಹಾಗೇ ಇರಬೇಕು. ಮೂರು ವೈರ್ ಇದ್ದರೆ ಮೂರನೆಯದು ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಹೇಳುವ ವೈರ್, ಕೆಲವು ಯಂತ್ರಗಳು ಅದನ್ನು ನೋಡಿಕೊಂಡೇ ಆಫ್ ಆಗುತ್ತವೆ.

ಇಷ್ಟು ಹೇಳಿದ ಮೇಲೆ ಹೆದರಿಸಲೂಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಭಾರದ ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವ ಹಗುರವಾದವುಗಳಲ್ಲಿ ಅದು 300 ವೋಲ್ಟ್ ದಾಟಬಹುದು, ಜೀವಕ್ಕೇ ಅಪಾಯ. ಇನ್ನು ಕೆಲವು ಯಂತ್ರಗಳಲ್ಲಿ ಹೀಟ್‌ಸಿಂಕಿಗೇ ಕರೆಂಟ್ ಇರುತ್ತದೆ, ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ರೆಸಿಸ್ಟರ್, ಸ್ವಿಚ್ ಎರಡನ್ನೂ ತೆಗೆದುಕೊಂಡು ಹೋಗಿ ಆಂಪ್ಲಿಫೈಯರ್ ರಿಪೇರಿ ಗೊತ್ತಿರುವವರ ಕೈಗೆ ಕೊಡಿ. ವಾರಂಟಿ ಇರುವ ಯಂತ್ರವನ್ನಂತೂ ಬಿಚ್ಚಬೇಡಿ.

ಬಿಚ್ಚುವ ಗೊಡವೆಯೇ ಬೇಡ ಅನ್ನುವವರಿಗೆ ಸೋಮಾರಿಗಳ ದಾರಿಯೂ ಒಂದಿದೆ. ಆಂಪ್ಲಿಫೈಯರನ್ನು ಪಕ್ಕದ ಕೋಣೆಯಲ್ಲಿಟ್ಟು 2.5 ಸ್ಕ್ವೇರ್ ಎಂಎಂ ವೈರನ್ನು ಸ್ಪೀಕರ್ ತನಕ ಎಳೆಯಿರಿ. ಹತ್ತು ಮೀಟರ್ ಆದರೂ 8 ಓಮ್ ಸ್ಪೀಕರಿಗೆ ತೊಂದರೆಯಿಲ್ಲ. ಬೀರುವಿನ ಒಳಗಿಟ್ಟು ಬಾಗಿಲು ಹಾಕಬೇಡಿ ಮಾತ್ರ, ಅದೂ ವೈರ್ ಕಿತ್ತ ಹಾಗೇ.

ಸಂಪಾದಕರೇ, ನನ್ನ ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಪರವಾಗಿಲ್ಲ. ಹೋದ ವಾರದ ಆ ಸಲಹೆ ತಪ್ಪು ಅಂತ ಎರಡು ಸಾಲಾದರೂ ಹಾಕಿ, ಅದನ್ನು ಓದಿ ಎಷ್ಟು ಜನ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೋ.

— ಓದುಗ, ಹುಬ್ಬಳ್ಳಿ